ಒಬ್ಬ ವಿಚಾರಣಾಧೀನ ಕೈದಿ, ಐದು ಇಲಾಖೆಗಳ ದಾಖಲೆ

ಗಾರೆ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದ ಯುವಕನೊಬ್ಬ, ವಾಸದ ಮನೆಯೊಂದರಲ್ಲಿ ಕಳವು ಮಾಡಿದ ಆರೋಪದ ಮೇಲೆ ದಸ್ತಗಿರಿಯಾಗಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಇದ್ದಾನೆಂದು ಕಲ್ಪಿಸಿಕೊಳ್ಳೋಣ. ಅವನಿಗೆ ಜಾಮೀನು ನಿಲ್ಲುವವರು ಯಾರೂ ಇಲ್ಲ, ಪ್ರಕರಣದ ವಿಚಾರಣೆಯೂ ಮುಗಿದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಪ್ರಕಾರ ಈ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆ 7 ವರ್ಷ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479 ಹೇಳುವಂತೆ, ವಿಚಾರಣಾಧೀನ ಕೈದಿಯೊಬ್ಬ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ಜೈಲಿನಲ್ಲಿ ಕಳೆದಿದ್ದರೆ ನ್ಯಾಯಾಲಯ ಅವನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಎಂದೂ ಯಾವ ಅಪರಾಧಕ್ಕೂ ಶಿಕ್ಷೆಗೆ ಒಳಗಾಗದವನಾಗಿದ್ದರೆ ಮೂರನೇ ಒಂದು ಭಾಗ ಕಳೆದರೆ ಸಾಕು, ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಅಂದರೆ ನಮ್ಮ ಯುವಕ ಮೊದಲ ಬಾರಿಯ ಆರೋಪಿಯಾಗಿದ್ದರೆ 28 ತಿಂಗಳು, ಅಲ್ಲದಿದ್ದರೆ 42 ತಿಂಗಳು. ಈ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆಯನ್ನು ಕಾನೂನು ಕೈದಿಯ ಮೇಲೆ ಹೊರಿಸಿಲ್ಲ, ಜೈಲು ಅಧೀಕ್ಷಕರ ಮೇಲೆ ಹೊರಿಸಿದೆ.

ಲೆಕ್ಕವೇನೋ ಪ್ರಾಥಮಿಕ ಶಾಲೆಯದು. ಆದರೆ ಆ ಲೆಕ್ಕಕ್ಕೆ ಬೇಕಾದ ಅಂಶಗಳಲ್ಲಿ ಒಂದೋ ಎರಡೋ ಮಾತ್ರ ಜೈಲು ಅಧೀಕ್ಷಕರ ಕೈಯಲ್ಲಿವೆ. ಅವನು ಜೈಲಿನೊಳಗೆ ಬಂದ ದಿನ ಅವರಿಗೆ ಗೊತ್ತು. ಅವನ ಮೇಲೆ ಈಗ ಯಾವ ಕಲಂ ಉಳಿದಿದೆ ಎಂಬುದು ನ್ಯಾಯಾಲಯಕ್ಕೆ ಗೊತ್ತು. ಬೇರೆ ಠಾಣೆಯಲ್ಲಿ ಇನ್ನೊಂದು ಪ್ರಕರಣ ಬಾಕಿ ಇದೆಯೇ ಎಂಬುದು ಪೊಲೀಸರಿಗೆ ಗೊತ್ತಿರಬೇಕು, ಏಕೆಂದರೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವನಿಗೆ ಈ ಕಲಮಿನ ಅನುಕೂಲ ಸಿಗುವುದಿಲ್ಲ. ಹಿಂದೆ ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಶಿಕ್ಷೆಯಾಗಿತ್ತೇ ಎಂಬುದು ಅಲ್ಲಿನ ಯಾವುದೋ ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿದೆ. ಅಪರಾಧ ನ್ಯಾಯ ವ್ಯವಸ್ಥೆಯ ದಾಖಲೆಗಳನ್ನು ಜೋಡಿಸಬೇಕು ಎಂದು ಸರ್ಕಾರಗಳು ಹೇಳುವಾಗ ನೆಟ್‌ವರ್ಕ್, ಕ್ಲೌಡ್, ಡ್ಯಾಶ್‌ಬೋರ್ಡ್ ಎಂಬ ಮಾತುಗಳೇ ಹೆಚ್ಚು ಕೇಳಿಬರುತ್ತವೆ. ಆದರೆ ಆ ಕೆಲಸದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ: ಒಬ್ಬ ನಿರ್ದಿಷ್ಟ ಮನುಷ್ಯನ ಬಗ್ಗೆ ಕೇಳಿದ ಒಂದು ಸರಳ ಪ್ರಶ್ನೆಗೆ, ಪೊಲೀಸ್, ನ್ಯಾಯಾಲಯ, ಜೈಲು, ವಿಧಿವಿಜ್ಞಾನ ಪ್ರಯೋಗಾಲಯ, ಅಭಿಯೋಜನೆ ಎಂಬ ಐದು ಇಲಾಖೆಗಳು ಸೇರಿ, ಸಮಯಕ್ಕೆ ಸರಿಯಾಗಿ, ತಪ್ಪಿಲ್ಲದ ಉತ್ತರವನ್ನು ಕೊಡಬಲ್ಲವೇ?

ಈ ಪ್ರಶ್ನೆ ಹೊಸದಲ್ಲ. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಂಡುಕೊಂಡ ಸಂಗತಿಯೆಂದರೆ, ಬಿಹಾರದ ಜೈಲುಗಳಲ್ಲಿದ್ದ ಎಷ್ಟೋ ವಿಚಾರಣಾಧೀನ ಕೈದಿಗಳು ತಮ್ಮ ಮೇಲಿನ ಆರೋಪ ರುಜುವಾತಾಗಿದ್ದರೂ ಅನುಭವಿಸಬೇಕಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲವನ್ನು ಆಗಲೇ ಜೈಲಿನಲ್ಲಿ ಕಳೆದಿದ್ದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ 75ಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ಇನ್ನೂ ತೀರ್ಮಾನವಾಗದವರು.

ಪ್ರಕರಣವೊಂದು ಸಾಗುವ ದಾರಿಯನ್ನು ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ದೂರು ಬಂದಾಗ ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಾಗಿ ಅದಕ್ಕೊಂದು ಅಪರಾಧ ಸಂಖ್ಯೆ ಬೀಳುತ್ತದೆ. ಈ ಸಂಖ್ಯೆ ಪ್ರತಿ ಠಾಣೆಯಲ್ಲೂ ಪ್ರತಿ ವರ್ಷ ಒಂದರಿಂದ ಆರಂಭವಾಗುತ್ತದೆ. ಆದ್ದರಿಂದ ‘45/2024’ ಎಂಬ ಸಂಖ್ಯೆಯಷ್ಟೇ ಗೊತ್ತಿದ್ದರೆ ಏನೂ ಗೊತ್ತಿಲ್ಲದಂತೆಯೇ, ಅದು ರಾಜ್ಯದ ನೂರಾರು ಠಾಣೆಗಳಲ್ಲಿ ಇರುತ್ತದೆ. ತನಿಖೆ ಮುಗಿದು ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ಮೇಲೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಅದಕ್ಕೆ ಸಿ.ಸಿ. ನಂಬರನ್ನು ಕೊಡುತ್ತದೆ. ಸೆಷನ್ಸ್ ನ್ಯಾಯಾಲಯವೇ ವಿಚಾರಣೆ ನಡೆಸಬೇಕಾದ ಪ್ರಕರಣವಾದರೆ ಅಲ್ಲಿಗೆ ಒಪ್ಪಿಸಿದ ನಂತರ ಎಸ್.ಸಿ. (ಸೆಷನ್ಸ್ ಕೇಸ್) ನಂಬರು ಬರುತ್ತದೆ. ನಡುವೆ ಜಪ್ತಿಯಾದ ಮುದ್ದೆಮಾಲಿಗೆ ಒಂದು ಸಂಖ್ಯೆ, ಅದರಲ್ಲಿ ಪರೀಕ್ಷೆಗೆ ಕಳುಹಿಸಿದ ವಸ್ತುವಿಗೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇನ್ನೊಂದು ಸಂಖ್ಯೆ, ಆರೋಪಿಗೆ ಜೈಲಿನಲ್ಲಿ ಮತ್ತೊಂದು ಸಂಖ್ಯೆ. ಜಾಮೀನು ಅರ್ಜಿ ಹೈಕೋರ್ಟಿಗೆ ಹೋದರೆ ಅಲ್ಲಿಯದು ಬೇರೆ. ಇಷ್ಟೂ ಸಂಖ್ಯೆಗಳು ಒಂದೇ ಘಟನೆಗೆ, ಒಬ್ಬನೇ ಮನುಷ್ಯನಿಗೆ ಸೇರಿದವು ಎಂಬ ತಿಳಿವಳಿಕೆ ಬಹುಕಾಲ ಉಳಿದುಕೊಂಡಿದ್ದು ಠಾಣೆಯ ರೈಟರ್, ಕೋರ್ಟ್ ಕೆಲಸಕ್ಕೆ ನೇಮಕವಾದ ಪೊಲೀಸ್ ಪೇದೆ, ನ್ಯಾಯಾಲಯದ ಶಿರಸ್ತೇದಾರರು ಇಂಥವರ ನೆನಪಿನಲ್ಲಿ ಮತ್ತು ಅವರ ಕೈಬರಹದ ಪುಸ್ತಕಗಳಲ್ಲಿ. ಅವರಲ್ಲಿ ಒಬ್ಬರು ವರ್ಗವಾದರೆ ದಾಖಲೆಗಳ ನಡುವಿನ ಕೊಂಡಿಯೂ ಅವರೊಂದಿಗೆ ಹೊರಟುಹೋಗುತ್ತಿತ್ತು.

ಗಣಕೀಕರಣ ಬಂದಾಗ ಪ್ರತಿಯೊಂದು ಇಲಾಖೆಯೂ ತನ್ನ ಮನೆಯನ್ನು ತಾನು ಸರಿಪಡಿಸಿಕೊಂಡಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಸ್ಥಾಪನೆಯಾದದ್ದು 1986ರಲ್ಲಿ. 2008ರ ಮುಂಬೈ ದಾಳಿಯ ಬಳಿಕ, 2009ರಲ್ಲಿ, ದೇಶದ ಎಲ್ಲ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ 2,000 ಕೋಟಿ ರೂಪಾಯಿ ವೆಚ್ಚದಲ್ಲಿ ಅನುಮೋದನೆ ದೊರೆಯಿತು. ಇಂದು 17 ಸಾವಿರಕ್ಕೂ ಹೆಚ್ಚು ಠಾಣೆಗಳು ಅದರ ಜಾಲದಲ್ಲಿವೆ. ಕರ್ನಾಟಕ ಪೊಲೀಸ್ ಇಲಾಖೆ ‘ಪೊಲೀಸ್ ಐಟಿ’ ಎಂಬ ತನ್ನದೇ ತಂತ್ರಾಂಶವನ್ನು ಇಟ್ಟುಕೊಂಡು, ಅದರ ಮಾಹಿತಿಯನ್ನು ರಾಷ್ಟ್ರೀಯ ಜಾಲಕ್ಕೆ ಹೊಂದುವಂತೆ ಕಳುಹಿಸುವ ದಾರಿಯನ್ನು ಆರಿಸಿಕೊಂಡಿತು. ನ್ಯಾಯಾಲಯಗಳಿಗೆ 2007ರಿಂದ ಇ-ಕೋರ್ಟ್ಸ್ ಯೋಜನೆ ಬಂತು. ಅದರಲ್ಲಿ ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಸಂಖ್ಯೆ ಇದೆ: ಮೊದಲೆರಡು ಅಕ್ಷರ ರಾಜ್ಯವನ್ನು, ಮುಂದಿನೆರಡು ಜಿಲ್ಲೆಯನ್ನು, ಅನಂತರದ ಎರಡು ಅಂಕಿ ನ್ಯಾಯಾಲಯವನ್ನು, ಬಳಿಕ ಆರು ಅಂಕಿ ಪ್ರಕರಣವನ್ನು, ಕೊನೆಯ ನಾಲ್ಕು ವರ್ಷವನ್ನು ಹೇಳುತ್ತವೆ. ಜೈಲುಗಳಿಗೆ ಇ-ಪ್ರಿಸನ್ಸ್, ಪ್ರಯೋಗಾಲಯಗಳಿಗೆ ಇ-ಫೊರೆನ್ಸಿಕ್ಸ್, ಸರ್ಕಾರಿ ಅಭಿಯೋಜಕರಿಗೆ ಇ-ಪ್ರಾಸಿಕ್ಯೂಷನ್. ಒಂದೊಂದೂ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಆದರೆ ಠಾಣೆಯಲ್ಲಿ ಟೈಪ್ ಮಾಡಿದ ವರದಿಯನ್ನು ಮುದ್ರಿಸಿ ಪೇದೆಯ ಕೈಯಲ್ಲಿ ನ್ಯಾಯಾಲಯಕ್ಕೆ ಕಳುಹಿಸುವುದು, ಅಲ್ಲಿ ಅದನ್ನೇ ಇನ್ನೊಬ್ಬರು ಮತ್ತೆ ಟೈಪ್ ಮಾಡುವುದು ನಿಲ್ಲಲಿಲ್ಲ.

ಈ ಐದನ್ನೂ ಜೋಡಿಸುವ ವ್ಯವಸ್ಥೆಯ ಹೆಸರು ಐಸಿಜೆಎಸ್, ಅಂದರೆ ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಳ್ಳಬಲ್ಲ ಅಪರಾಧ ನ್ಯಾಯ ವ್ಯವಸ್ಥೆ. 2018ರ ಡಿಸೆಂಬರಿನಲ್ಲಿ ತೆಲಂಗಾಣದಲ್ಲಿ ಪೊಲೀಸರು ಮತ್ತು ನ್ಯಾಯಾಲಯಗಳ ನಡುವೆ ನೇರ ಮಾಹಿತಿ ವಿನಿಮಯಕ್ಕೆ ನ್ಯಾಯಮೂರ್ತಿ ಮದನ್ ಲೋಕೂರ್ ಚಾಲನೆ ನೀಡಿದರು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಎರಡನೇ ಹಂತಕ್ಕೆ, 2025-26ರವರೆಗಿನ ಅವಧಿಗೆ, 3,375 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. ಮಾಹಿತಿಯನ್ನು ಒಮ್ಮೆ, ಅದು ಹುಟ್ಟುವ ಜಾಗದಲ್ಲೇ ನಮೂದಿಸಬೇಕು, ಉಳಿದವರು ಅದನ್ನೇ ಪಡೆದುಕೊಳ್ಳಬೇಕು ಎಂಬುದು ಅದರ ಮೂಲ ತತ್ತ್ವ.

ಹಾಗಿದ್ದರೆ ಎಲ್ಲವನ್ನೂ ಒಂದೇ ದೊಡ್ಡ ಕಣಜಕ್ಕೆ ಏಕೆ ಸುರಿಯಬಾರದು ಎಂದು ಯಾರಿಗಾದರೂ ಅನಿಸಬಹುದು. ಹಾಗೆ ಮಾಡದಿರುವುದಕ್ಕೆ ತಾಂತ್ರಿಕ ಕಾರಣಕ್ಕಿಂತ ಸಾಂವಿಧಾನಿಕ ಕಾರಣ ದೊಡ್ಡದು. ಪೊಲೀಸ್ ಮತ್ತು ಕಾರಾಗೃಹಗಳು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿರುವ ವಿಷಯಗಳು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು 50ನೇ ಅನುಚ್ಛೇದ ಹೇಳುತ್ತದೆ. ನ್ಯಾಯಾಲಯದ ದಾಖಲೆಗಳ ಗಣಕೀಕರಣಕ್ಕೆ ದಿಕ್ಕು ತೋರುವುದು ಸುಪ್ರೀಂ ಕೋರ್ಟಿನ ಇ-ಸಮಿತಿಯೇ ಹೊರತು ಗೃಹ ಸಚಿವಾಲಯವಲ್ಲ. ಆರೋಪ ಹೊರಿಸುವ ಇಲಾಖೆಯೇ ತೀರ್ಪು ಕೊಡುವ ಸಂಸ್ಥೆಯ ಕಡತಗಳಿಗೂ ಒಡೆಯನಾದರೆ ಆ ಬೇರ್ಪಡಿಕೆಗೆ ಅರ್ಥ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಇಲಾಖೆಯ ದತ್ತಾಂಶ ಆಯಾ ಇಲಾಖೆಯಲ್ಲೇ ಉಳಿಯುತ್ತದೆ; ನಿಗದಿತ ಬಾಗಿಲಿನಲ್ಲಿ, ನಿಗದಿತ ರೂಪದಲ್ಲಿ, ಕೇಳಿದಷ್ಟನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾರೆ. ಠಾಣೆಯಲ್ಲಿ ದಾಖಲಾದ ವರದಿಯನ್ನು ನ್ಯಾಯಾಲಯದ ತಂತ್ರಾಂಶ ತಾನೇ ಎಳೆದುಕೊಳ್ಳುತ್ತದೆ, ನ್ಯಾಯಾಲಯದ ಮುಂದಿನ ತಾರೀಖನ್ನು ಪೊಲೀಸರ ತಂತ್ರಾಂಶ ಓದಿಕೊಳ್ಳುತ್ತದೆ. ಈ ವ್ಯವಸ್ಥೆ ನಿಧಾನ, ಅದನ್ನು ಕಟ್ಟುವುದೂ ಕಷ್ಟ. ಆದರೂ ಇದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಾಗಿಲು ತೆರೆದ ಮಾತ್ರಕ್ಕೆ ಮಾತು ಅರ್ಥವಾಗುತ್ತದೆ ಎಂದೇನಿಲ್ಲ. ಎರಡೂ ಕಡೆಯವರು ಒಂದು ಪದಕ್ಕೆ ಒಂದೇ ಅರ್ಥವನ್ನು ಇಟ್ಟುಕೊಂಡಿರಬೇಕು. ‘302’ ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಭಾರತೀಯ ದಂಡ ಸಂಹಿತೆಯಲ್ಲಿ ಅದು ಕೊಲೆ. ಸಿನಿಮಾ ನೋಡಿದ ಮಕ್ಕಳಿಗೂ ಗೊತ್ತಿದ್ದ ಸಂಖ್ಯೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ ಹೇಳುವುದು ಕಲಂ 103. ಕಲಂ 302 ಅಲ್ಲಿ ಧಾರ್ಮಿಕ ಭಾವನೆಗೆ ಘಾಸಿಯಾಗುವಂತೆ ಉದ್ದೇಶಪೂರ್ವಕವಾಗಿ ಮಾತನಾಡುವ ಅಪರಾಧಕ್ಕೆ ಸಂಬಂಧಿಸಿದ್ದು. ಒಂದು ಇಲಾಖೆ ಕಾಯಿದೆಯ ಹೆಸರನ್ನು ಬಿಟ್ಟು ಕಲಮಿನ ಸಂಖ್ಯೆಯನ್ನಷ್ಟೇ ಕಳುಹಿಸಿದರೆ, ಇನ್ನೊಂದು ಇಲಾಖೆಯ ಪರದೆಯ ಮೇಲೆ ಮಾತಿನಿಂದ ನೋಯಿಸಿದವನು ಕೊಲೆಗಾರನಾಗಿ ಕಾಣಿಸಿಕೊಳ್ಳಬಹುದು. 511 ಕಲಮುಗಳ ಹಳೆಯ ಸಂಹಿತೆಯ ಜಾಗಕ್ಕೆ 358 ಕಲಮುಗಳ ಹೊಸ ಸಂಹಿತೆ ಬಂದಿರುವ, ಹಳೆಯ ಪ್ರಕರಣಗಳು ಇನ್ನೂ ಎಷ್ಟೋ ವರ್ಷ ಹಳೆಯ ಕಲಮುಗಳಲ್ಲೇ ನಡೆಯಬೇಕಾಗಿರುವ ಈ ಕಾಲದಲ್ಲಿ ಇದನ್ನು ಸಣ್ಣ ವಿಷಯವೆಂದು ಬದಿಗಿಡುವಂತಿಲ್ಲ.

ಕಲಮು ಬದಲಾಗುವುದಕ್ಕೆ ಹೊಸ ಕಾಯಿದೆಯೇ ಬರಬೇಕೆಂದೂ ಇಲ್ಲ. ನಮ್ಮ ಯುವಕನ ಪ್ರಕರಣದಲ್ಲಿ ಮೊದಲ ದಿನ ಐದು ಮಂದಿಯ ಹೆಸರು ಕೇಳಿಬಂದಿದ್ದರಿಂದ ಡಕಾಯಿತಿಯ ಕಲಂ ಹಾಕಲಾಗಿತ್ತು, ತನಿಖೆಯಲ್ಲಿ ಅದು ನಿಲ್ಲದೆ ದೋಷಾರೋಪಣ ಪಟ್ಟಿಯಲ್ಲಿ ಮನೆ ಕಳವು ಮಾತ್ರ ಉಳಿಯಿತು ಎಂದುಕೊಳ್ಳಿ. ಡಕಾಯಿತಿಗೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಕಲಂ 479 ಅನ್ವಯಿಸುವುದೇ ಇಲ್ಲ. ಮೊದಲ ಬಾರಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ವಾರಂಟಿನಲ್ಲಿದ್ದ ಕಲಂ ಜೈಲಿನ ದಾಖಲೆಯಲ್ಲಿ ಹಾಗೆಯೇ ಉಳಿದರೆ, 28 ತಿಂಗಳಲ್ಲ, ಅದರ ಎರಡರಷ್ಟು ಕಾಲ ಕಳೆದರೂ ಅರ್ಹರ ಪಟ್ಟಿಯಲ್ಲಿ ಅವನ ಹೆಸರು ಬರುವುದಿಲ್ಲ. ಯಾರೂ ಅವನಿಗೆ ಬೇಕೆಂದು ಅನ್ಯಾಯ ಮಾಡಿಲ್ಲ. ಠಾಣೆಯಲ್ಲಿರುವ ಕಡತವೂ ಸರಿ, ನ್ಯಾಯಾಲಯದ್ದೂ ಸರಿ. ಅವೆರಡರ ಬದಲಾವಣೆ ಮೂರನೆಯ ಕಡೆಗೆ ತಲುಪಿಲ್ಲ, ಅಷ್ಟೇ.

ಇನ್ನು ಎಲ್ಲಕ್ಕಿಂತ ಕಠಿಣವಾದದ್ದು ಮನುಷ್ಯನ ಗುರುತು. ಕರ್ನಾಟಕದ ಠಾಣೆಯೊಂದರ ಕನ್ನಡ ವರದಿಯಲ್ಲಿ ಆರೋಪಿಯ ಹೆಸರು ‘ಮಂಜುನಾಥ ಅಲಿಯಾಸ್ ಮಂಜ ಬಿನ್ ಹನುಮಂತಪ್ಪ’ ಎಂದಿರಬಹುದು. ‘ಬಿನ್’ ಎಂದರೆ ಮಗ ಎಂದೂ ‘ಕೋಂ’ ಎಂದರೆ ಹೆಂಡತಿ ಎಂದೂ ಕನ್ನಡ ಕಡತ ಓದಿದವರಿಗೆ ಗೊತ್ತು, ತಂತ್ರಾಂಶಕ್ಕೆ ಗೊತ್ತಿಲ್ಲ. ಅದೇ ಹೆಸರು ಇಂಗ್ಲಿಷ್ ಲಿಪಿಗೆ ಹೋದಾಗ ಒಬ್ಬರು ಕೊನೆಯಲ್ಲಿ ‘ಎ’ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ, ‘ತ’ಕಾರಕ್ಕೂ ‘ಥ’ಕಾರಕ್ಕೂ ಒಂದೇ ಕಾಗುಣಿತ ಬಳಸುತ್ತಾರೆ, ತಂದೆಯ ಹೆಸರಿನ ಮೊದಲಕ್ಷರವನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ಇಡುತ್ತಾರೆ. ತಂದೆಯ ಹೆಸರು ‘ಹನುಮಂತಪ್ಪ’ ಇದ್ದದ್ದು ‘ಹನುಮಪ್ಪ’ ಆಗುತ್ತದೆ. ವಯಸ್ಸನ್ನು ‘ಸುಮಾರು 25’ ಎಂದು ಅಂದಾಜಿನಲ್ಲಿ ಬರೆದಿರುತ್ತಾರೆ. ವಿಳಾಸದಲ್ಲಿ ಒಂದು ಕಡೆ ಊರಿನ ಹೆಸರು, ಇನ್ನೊಂದು ಕಡೆ ಬೆಂಗಳೂರಿನ ಕಟ್ಟಡ ಕಾಮಗಾರಿಯ ಶೆಡ್. ಸೆರೆ ಸಿಕ್ಕ ಮನುಷ್ಯನಿಗೆ ಓದು ಬರದಿದ್ದರೆ ತನ್ನ ಹೆಸರನ್ನು ತಪ್ಪಾಗಿ ಬರೆದಿದ್ದಾರೆಂಬುದೂ ಅವನಿಗೆ ತಿಳಿಯುವುದಿಲ್ಲ.

ಇಂತಹ ದಾಖಲೆಗಳನ್ನು ಹೆಸರಿನ ಹೋಲಿಕೆಯಿಂದ ಜೋಡಿಸಹೊರಟಾಗ ಎರಡು ಬಗೆಯ ತಪ್ಪು ಸಾಧ್ಯ. ಒಬ್ಬನೇ ಮನುಷ್ಯನ ಎರಡು ದಾಖಲೆಗಳು ಒಂದನ್ನೊಂದು ಗುರುತಿಸದೆ ಉಳಿಯಬಹುದು. ಆಗ ಹಲವು ಬಾರಿ ಶಿಕ್ಷೆಯಾದವನು ಮೊದಲ ಬಾರಿಯವನಂತೆ ಕಾಣುತ್ತಾನೆ. ಇಲ್ಲವೇ ಇಬ್ಬರು ಮಂಜುನಾಥರು ಒಬ್ಬನೇ ಆಗಿಬಿಡಬಹುದು. ಆಗ ಎಂದೂ ಠಾಣೆಯ ಮೆಟ್ಟಿಲು ಹತ್ತದವನ ತಲೆಯ ಮೇಲೆ ಬೇರೊಬ್ಬನ ಹಳೆಯ ಪ್ರಕರಣ ಬಂದು ಕೂರುತ್ತದೆ. ಹೋಲಿಕೆಯ ನಿಯಮವನ್ನು ಬಿಗಿ ಮಾಡಿದರೆ ಮೊದಲನೆಯ ತಪ್ಪು ಹೆಚ್ಚುತ್ತದೆ, ಸಡಿಲ ಮಾಡಿದರೆ ಎರಡನೆಯದು. ಎರಡನ್ನೂ ಪೂರ್ತಿಯಾಗಿ ಇಲ್ಲವಾಗಿಸುವ ತಂತ್ರಾಂಶ ಯಾವ ದೇಶದಲ್ಲೂ ಇಲ್ಲ. ಆದ್ದರಿಂದ ಹೆಸರಿನ ಹೋಲಿಕೆಯಿಂದ ಸಿಕ್ಕ ದಾಖಲೆಯನ್ನು ‘ಇದು ಇವನದಿರಬಹುದು’ ಎಂದು ತೋರಿಸಬೇಕೇ ಹೊರತು ‘ಇದು ಇವನದು’ ಎಂದಲ್ಲ. ಪರದೆಯ ಮೇಲೆ ಈ ಎರಡು ಮಾತುಗಳ ನಡುವಿನ ಅಂತರ ಒಂದೆರಡು ಅಕ್ಷರವಾದರೂ, ಜಾಮೀನು ಅರ್ಜಿ ವಿಚಾರಣೆಗೆ ಬಂದ ದಿನ ಅದರ ತೂಕ ಬಹಳ ದೊಡ್ಡದು.

ಬೆರಳಚ್ಚು ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಭಾರತದ ಪಾತ್ರ ಹಳೆಯದು: ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ 1897ರಲ್ಲಿ ಕಲ್ಕತ್ತಾದಲ್ಲಿ ಆರಂಭವಾಯಿತು, ಅಚ್ಚುಗಳನ್ನು ವರ್ಗೀಕರಿಸುವ ಪದ್ಧತಿಯನ್ನು ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳಿದ್ದರು. 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಾದ ನಾಫಿಸ್, ದಸ್ತಗಿರಿಯಾದ ಪ್ರತಿಯೊಬ್ಬನಿಗೂ 10 ಅಂಕಿಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಮುಂದೆ ಅವನು ಯಾವ ರಾಜ್ಯದಲ್ಲಿ ಯಾವ ಹೆಸರು ಹೇಳಿ ಸಿಕ್ಕಿಬಿದ್ದರೂ ಪ್ರಕರಣಗಳು ಅದೇ ಸಂಖ್ಯೆಗೆ ಸೇರುತ್ತವೆ. ಈ ಸಂಖ್ಯೆ ತನಿಖಾಧಿಕಾರಿಗೆ ಎಷ್ಟು ಉಪಯುಕ್ತವೋ ಹೆಸರಿನ ಗೊಂದಲಕ್ಕೆ ಸಿಕ್ಕ ಅಮಾಯಕನಿಗೂ ಅಷ್ಟೇ ಉಪಯುಕ್ತ, ಏಕೆಂದರೆ ‘ಆ ಮಂಜುನಾಥ ನಾನಲ್ಲ’ ಎಂಬುದನ್ನು ಬೆರಳೇ ಹೇಳುತ್ತದೆ. ಆದರೆ ನಾಫಿಸ್ ಬರುವುದಕ್ಕೆ ಮುಂಚಿನ ಪ್ರಕರಣಗಳಿಗೆ, ಬೆರಳಚ್ಚು ತೆಗೆಯದೆ ಬಿಟ್ಟ ಸಣ್ಣಪುಟ್ಟ ಪ್ರಕರಣಗಳಿಗೆ ಈ ಅನುಕೂಲ ಇಲ್ಲ. ಅಲ್ಲಿ ಹೆಸರು ಮತ್ತು ಊರೇ ಗತಿ.

ಠಾಣೆಯಿಂದ ನ್ಯಾಯಾಲಯಕ್ಕೆ ಮಾಹಿತಿ ಹೋಗುವುದರ ಬಗ್ಗೆ ಎಲ್ಲರಿಗೂ ಆಸಕ್ತಿ ಇರುತ್ತದೆ. ನ್ಯಾಯಾಲಯದಿಂದ ಹಿಂದಕ್ಕೆ ಬರುವ ಮಾಹಿತಿಗೆ ಅಂಥ ವಾರಸುದಾರರು ಕಡಿಮೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಬಹಳ ಹಿಂದೆಯೇ ರೂಪಿಸಿದ ಏಳು ತನಿಖಾ ನಮೂನೆಗಳಲ್ಲಿ ಮೊದಲನೆಯದು ಪ್ರಥಮ ವರ್ತಮಾನ ವರದಿ, ಐದನೆಯದು ಅಂತಿಮ ವರದಿ, ಆರನೆಯದು ನ್ಯಾಯಾಲಯದ ತೀರ್ಮಾನ, ಏಳನೆಯದು ಮೇಲ್ಮನವಿಯ ಫಲಿತಾಂಶ. ಮೊದಲ ಐದನ್ನು ತುಂಬದಿದ್ದರೆ ಪ್ರಕರಣ ಮುಂದೆ ಹೋಗುವುದಿಲ್ಲ. ಕೊನೆಯ ಎರಡನ್ನು ತುಂಬದಿದ್ದರೆ ಠಾಣೆಯ ಕೆಲಸವೇನೂ ನಿಲ್ಲುವುದಿಲ್ಲ. ನಿಲ್ಲುವುದು ಬಿಡುಗಡೆಯಾದವನ ಬದುಕು: ಪಾಸ್‌ಪೋರ್ಟಿಗೋ ಕೆಲಸಕ್ಕೋ ಅರ್ಜಿ ಹಾಕಿದಾಗ, ಪೊಲೀಸ್ ಪರಿಶೀಲನೆಯಲ್ಲಿ ಅವನು ಇನ್ನೂ ಆರೋಪಿಯಾಗಿಯೇ ಕಾಣುತ್ತಾನೆ, ತೀರ್ಪಿನ ದೃಢೀಕೃತ ಪ್ರತಿಯನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಜೋಡಣೆಯ ಗುಣಮಟ್ಟವನ್ನು ಅಳೆಯಲು ನನಗೆ ಒಂದೇ ಅಳತೆಗೋಲನ್ನು ಆರಿಸಿಕೊಳ್ಳಲು ಬಿಟ್ಟರೆ, ಎಷ್ಟು ವರದಿಗಳು ಮೇಲಕ್ಕೆ ಹೋದವು ಎಂಬುದನ್ನು ಕೇಳುವುದಿಲ್ಲ. ಖುಲಾಸೆಯ ತೀರ್ಪು ಬಂದ ಎಷ್ಟು ದಿನಕ್ಕೆ ಠಾಣೆಯ ದಾಖಲೆ ಬದಲಾಯಿತು ಎಂದು ಕೇಳುತ್ತೇನೆ.

ಆದೇಶ ತಲುಪದೆ ಮನುಷ್ಯರು ಜೈಲಿನಲ್ಲೇ ಉಳಿದ ಸಂಗತಿ 2021ರಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೇ ಬಂತು. ಜುಲೈ 8ರಂದು ಅದು ಜಾಮೀನು ನೀಡಿದ್ದ ಆಗ್ರಾ ಜೈಲಿನ 13 ಕೈದಿಗಳು ದಿನಗಳು ಕಳೆದರೂ ಹೊರಗೆ ಬಂದಿರಲಿಲ್ಲ. ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು, ಮಾಹಿತಿ ತಂತ್ರಜ್ಞಾನದ ಈ ಕಾಲದಲ್ಲೂ ಆದೇಶ ತಲುಪಿಸಲು ಪಾರಿವಾಳಕ್ಕಾಗಿ ಆಕಾಶ ನೋಡುತ್ತಿದ್ದೇವೆ ಎಂಬ ಅರ್ಥದ ಮಾತನ್ನಾಡಿ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡರು. ಅದರ ಫಲವಾಗಿ ಆದೇಶದ ಪ್ರತಿಯನ್ನು ಸುರಕ್ಷಿತ ವಿದ್ಯುನ್ಮಾನ ಮಾರ್ಗದಲ್ಲಿ ನೇರವಾಗಿ ಜೈಲಿಗೆ ಕಳುಹಿಸುವ ‘ಫಾಸ್ಟರ್’ ವ್ಯವಸ್ಥೆ 2022ರ ಮಾರ್ಚ್ 31ರಂದು ಆರಂಭವಾಯಿತು. 2023ರ ಜನವರಿ 31ರಂದು ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಅಭಯ್ ಓಕಾ ಅವರ ಪೀಠ ಇನ್ನಷ್ಟು ಖಚಿತವಾದ ನಿರ್ದೇಶನಗಳನ್ನು ಕೊಟ್ಟಿತು: ಜಾಮೀನು ನೀಡಿದ ನ್ಯಾಯಾಲಯ ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಕಳುಹಿಸಬೇಕು, ಅಧೀಕ್ಷಕರು ಆ ದಿನಾಂಕವನ್ನು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ನಮೂದಿಸಬೇಕು, ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಈ ಕೊನೆಯ ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಯಂತ್ರ ಸಂಕೇತ ಕೊಡುವುದು ಸುಲಭ. ಆ ಸಂಕೇತ ಯಾರ ಮೇಜಿಗೆ ಹೋಗಬೇಕು, ಅವರು ಮುಂದೇನು ಮಾಡಬೇಕು ಎಂಬುದನ್ನು ಇಲ್ಲಿ ಹೆಸರಿಟ್ಟು ಹೇಳಲಾಗಿದೆ.

ಹಿಂದಕ್ಕೆ ಬರಬೇಕಾದ ಮಾಹಿತಿ ಬರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಕಟುವಾದ ಉದಾಹರಣೆ, ಆಕ್ಷೇಪಾರ್ಹ ವಿದ್ಯುನ್ಮಾನ ಸಂದೇಶ ಕಳುಹಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಕಲಂ 66ಎ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಆದರೂ ಠಾಣೆಗಳಲ್ಲಿ ಆ ಕಲಮಿನಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು, ಏಳು ವರ್ಷಗಳ ಬಳಿಕ 2022ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಮತ್ತೊಮ್ಮೆ ಆದೇಶ ಹೊರಡಿಸಬೇಕಾಯಿತು. ಕಾಯಿದೆ ಪುಸ್ತಕಗಳಲ್ಲಿ ಕಲಂ ಅಚ್ಚಾಗಿಯೇ ಉಳಿದು, ರದ್ದಾದದ್ದು ಅಡಿಟಿಪ್ಪಣಿಗೆ ಹೋಗಿತ್ತು. ದಾಖಲೆಗಳು ನಿಜವಾಗಿ ಜೋಡಣೆಯಾದ ವ್ಯವಸ್ಥೆಯಲ್ಲಿ, ರದ್ದಾದ ಕಲಮನ್ನು ಆರಿಸಿಕೊಳ್ಳಲು ಠಾಣೆಯ ತಂತ್ರಾಂಶವೇ ಬಿಡಬಾರದು.

ಸಾಕ್ಷ್ಯದ ವಿಷಯದಲ್ಲಿ ಹೊಸ ನಾಗರಿಕ ಸುರಕ್ಷಾ ಸಂಹಿತೆ ಈ ಜೋಡಣೆಯ ಮೇಲಿನ ಭಾರವನ್ನು ಹೆಚ್ಚಿಸಿದೆ. ಕಲಂ 105ರಂತೆ ಶೋಧ ಮತ್ತು ಜಪ್ತಿಯನ್ನು ದೃಶ್ಯ-ಧ್ವನಿ ಸಮೇತ ಚಿತ್ರೀಕರಿಸಬೇಕು; ಕಲಂ 176ರಂತೆ 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ಚಿತ್ರೀಕರಣಕ್ಕೆ ‘ಇ-ಸಾಕ್ಷ್ಯ’ ಎಂಬ ಆ್ಯಪ್ ಬಂದಿದೆ. ಮೊದಲು ಪಂಚರ ಸಹಿಯಿದ್ದ ಮಹಜರಿನ ನಾಲ್ಕು ಹಾಳೆ ನ್ಯಾಯಾಲಯಕ್ಕೆ ಹೋಗುತ್ತಿದ್ದ ಜಾಗದಲ್ಲಿ ಈಗ ದೃಶ್ಯ ಕಡತ ಹೋಗಬೇಕು, ಅದು ನಡುವೆ ಬದಲಾಗಿಲ್ಲ ಎಂಬುದನ್ನೂ ತೋರಿಸಬೇಕು.

ಇಷ್ಟೆಲ್ಲ ಮಾಹಿತಿ ಒಂದು ಗುಂಡಿ ಒತ್ತಿದರೆ ಸಿಗುವಂತಾದಾಗ ಹುಟ್ಟುವ ಭಯ ಸಹಜವಾದದ್ದು, ನ್ಯಾಯವಾದದ್ದು. ಕಾಗದದ ಕಾಲದಲ್ಲಿ ದಾಖಲೆಗಳು ಚದುರಿದ್ದುದೇ ಒಂದು ಬಗೆಯ ರಕ್ಷಣೆಯಾಗಿತ್ತು: ಇಪ್ಪತ್ತು ವರ್ಷ ಹಿಂದಿನ ಜಗಳದ ಕೇಸು ಧೂಳು ಹಿಡಿದ ಕಪಾಟಿನಲ್ಲಿ ಮಲಗಿರುತ್ತಿತ್ತು. 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯಿದೆಯಂತೆ ಬೆರಳಚ್ಚು ಮೊದಲಾದ ಅಳತೆಗಳನ್ನು ಬ್ಯೂರೋ 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗದವನು ಖುಲಾಸೆಯಾಗಿ, ಮೇಲ್ಮನವಿಯ ದಾರಿಗಳೆಲ್ಲ ಮುಗಿದ ಮೇಲೆ, ನ್ಯಾಯಾಲಯ ಬೇರೆ ಹೇಳದಿದ್ದರೆ ಅವುಗಳನ್ನು ನಾಶಪಡಿಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಗಮನಿಸಿ: ಈ ನಾಶಪಡಿಸುವ ಕರ್ತವ್ಯ ನೆರವೇರಬೇಕಾದರೂ ಖುಲಾಸೆಯ ಸುದ್ದಿ ನ್ಯಾಯಾಲಯದಿಂದ ಬ್ಯೂರೋವರೆಗೆ ತಲುಪಲೇಬೇಕು. ಮಕ್ಕಳ ವಿಷಯದಲ್ಲೂ ಹಾಗೆಯೇ; 2015ರ ಬಾಲ ನ್ಯಾಯ ಕಾಯಿದೆ, ಕೆಲವು ಅಪವಾದಗಳನ್ನು ಬಿಟ್ಟರೆ, ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗುವಿನ ದಾಖಲೆಯನ್ನು ನಿಗದಿತ ಕಾಲದ ನಂತರ ನಾಶಪಡಿಸಬೇಕೆನ್ನುತ್ತದೆ. ಒಂದು ಕಡೆ ಅಳಿಸಿದ ದಾಖಲೆಯ ಪ್ರತಿ ಜೋಡಣೆಯ ಮೂಲಕ ಇನ್ನೂ ನಾಲ್ಕು ಕಡೆ ಉಳಿದುಬಿಟ್ಟರೆ ಅಳಿಸಿದ್ದಕ್ಕೆ ಬೆಲೆಯಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಹೆಮ್ಮೆಯಿಂದ ನೆನೆಯುವ ಸಂಗತಿ. ಆದರೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಅಪರಾಧ ತಡೆ, ತನಿಖೆ ಮತ್ತು ಅಭಿಯೋಜನೆಗೆ ಬಳಸುವ ದತ್ತಾಂಶಕ್ಕೆ ಬಹುಪಾಲು ವಿನಾಯಿತಿ ನೀಡಿದೆ. ಹಾಗಾಗಿ ಯಾವ ಅಧಿಕಾರಿ ಯಾರ ದಾಖಲೆಯನ್ನು ಯಾವ ಪ್ರಕರಣದ ಸಲುವಾಗಿ ತೆರೆದು ನೋಡಿದರು ಎಂಬುದು ಅಳಿಸಲಾಗದಂತೆ ದಾಖಲಾಗಬೇಕು, ಹಾಗೂ ತನ್ನ ಬಗ್ಗೆ ವ್ಯವಸ್ಥೆಯಲ್ಲಿ ಏನಿದೆ ಎಂದು ಕೇಳಿ ತಪ್ಪಿದ್ದರೆ ತಿದ್ದಿಸಿಕೊಳ್ಳುವ ದಾರಿ ಪ್ರಜೆಗೆ ಇರಬೇಕು. ಬ್ಯಾಂಕಿನ ಸಾಲದ ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಿಸಲು ನಮಗೆ ಗೊತ್ತಾದ ದಾರಿಯೊಂದಿದೆ. ಅಪರಾಧದ ದಾಖಲೆಗೆ ಅಷ್ಟೇ ಸರಳವಾದ ದಾರಿ ಬೇಡವೇ?

ಮತ್ತೆ ಪರಪ್ಪನ ಅಗ್ರಹಾರದ ಯುವಕನ ಬಳಿಗೆ ಬರೋಣ. 2024ರ ಆಗಸ್ಟ್ 23ರಂದು ಸುಪ್ರೀಂ ಕೋರ್ಟ್, ಹೊಸ ಸಂಹಿತೆ ಜಾರಿಗೆ ಬರುವ ಮುಂಚಿನ ಪ್ರಕರಣಗಳ ಕೈದಿಗಳಿಗೂ ಕಲಂ 479 ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿ, ಜೈಲು ಅಧೀಕ್ಷಕರು ಅರ್ಹರ ಅರ್ಜಿಗಳನ್ನು ಸಲ್ಲಿಸಬೇಕೆಂದು ನಿರ್ದೇಶಿಸಿತು. ಎಲ್ಲ ಜೋಡಣೆಯೂ ಅಂದುಕೊಂಡಂತೆ ನಡೆದಿದ್ದರೆ, ಅಧೀಕ್ಷಕರ ಪರದೆಯ ಮೇಲೆ ಅವನು ದಸ್ತಗಿರಿಯಾದ ದಿನ ಠಾಣೆಯಿಂದಲೂ, ಈಗ ಉಳಿದಿರುವ ಕಲಂ ನ್ಯಾಯಾಲಯದಿಂದಲೂ, ಹಿಂದೆ ಶಿಕ್ಷೆ ಇಲ್ಲ ಎಂಬ ಮಾತು ಬೆರಳಚ್ಚಿನ ಸಂಖ್ಯೆಯಿಂದಲೂ ಬಂದು ನಿಂತಿರುತ್ತದೆ. 28 ತಿಂಗಳು ತುಂಬುವ ದಿನಾಂಕ ಮುಂಚೆಯೇ ಗೊತ್ತಿರುತ್ತದೆ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ ಮತ್ತು ಪೊಲೀಸ್ ಮುಖ್ಯಸ್ಥರು ಇರುವ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಮುಂದೆ ಅವನ ಹೆಸರು ಯಾರ ಶಿಫಾರಸೂ ಇಲ್ಲದೆ ಬರುತ್ತದೆ.

ಆಗಲೂ ಒಂದು ಅಂಶ ಬಾಕಿ ಉಳಿಯುತ್ತದೆ. ಆರೋಪಿಯೇ ವಿಚಾರಣೆಯನ್ನು ತಡ ಮಾಡಿದ್ದರೆ ಅಷ್ಟು ಕಾಲವನ್ನು ಲೆಕ್ಕದಿಂದ ಕಳೆಯಬೇಕೆಂದು ಕಲಂ 479 ಹೇಳುತ್ತದೆ. ಯಾವ ತಾರೀಖು ಯಾರಿಂದಾಗಿ ಮುಂದಕ್ಕೆ ಹೋಯಿತು, ಸಾಕ್ಷಿ ಬರಲಿಲ್ಲವೇ, ಆರೋಪಿಯನ್ನು ಕರೆತರಲು ಬೆಂಗಾವಲು ಪೊಲೀಸರು ಸಿಗಲಿಲ್ಲವೇ, ವಕೀಲರು ಕಾಲಾವಕಾಶ ಕೇಳಿದರೇ ಎಂಬುದಕ್ಕೆ ಐದು ತಂತ್ರಾಂಶಗಳ ನಡುವೆ ಓಡಾಡುವ ಸಿದ್ಧ ಉತ್ತರ ಇಲ್ಲ. ಅದು ಇರುವುದು ನ್ಯಾಯಾಲಯದ ಆರ್ಡರ್ ಶೀಟಿನಲ್ಲಿ, ಒಂದೊಂದು ತಾರೀಖಿಗೆ ಬರೆದ ಎರಡು ಮೂರು ಸಾಲುಗಳಲ್ಲಿ. ಆ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಯಾರಾದರೂ ಕುಳಿತು ಓದಬೇಕು.